ನಡುವೆ ಸೇತುವೆ ಇದ್ದರೆ ಹೇಳಬೇಕು

ಕೀಲುಂಗ್
ಆಗಸ್ಟ್ 9

ಶ್ರೀ ವೆಂಗ್ ತ್ಸೈ-ಫಾ ಅವರಿಗೆ,

ಕಂಪ್ಯೂಟರ್ ಆಟವೊಂದಕ್ಕೆ ನಾನು ಬರೆದ ಮಾಡ್‌ನ ಪುಟದಲ್ಲಿ ಜುಲೈ 30ರಂದು 'ದೋಂಗ್‌ಶಿ ಸಿಂಪಿ ಮುದುಕ' ಎಂಬ ಹೆಸರಿನವರೊಬ್ಬರು ಹೀಗೆ ಬರೆದಿದ್ದಾರೆ: "ತಾಯೀ, ನಿಮ್ಮ ಮಾಡ್ ಚೆನ್ನಾಗಿದೆ. ಆದರೆ ಇಲ್ಲಿಂದ ಅಲ್ಲಿಗೆ ಕಳಿಸುವಾಗ ನಡುವೆ ಸೇತುವೆ ಇದ್ದರೆ ಹೇಳಬೇಕು. ಹೇಳದೆ ಯಾರನ್ನೂ ದಾಟಿಸಬಾರದು."

ಅದರ ಕೆಳಗೆ ಇನ್ನೂರ ಹನ್ನೊಂದು ಜನ ನಕ್ಕಿದ್ದಾರೆ. "ತಾತಾ, ಕಂಡಕ್ಟರ್ ಬೇಡ್ವಾ?" ಎಂದು ಒಬ್ಬ. "ಮಧ್ಯೆ ಊಟಕ್ಕೆ ನಿಲ್ಲಿಸ್ತಾರಾ?" ಎಂದು ಇನ್ನೊಬ್ಬ. ನಾನು ನಗಲಿಲ್ಲ. ಇಂಥ ಮಾತು ಬರೆಯುವವರು ಈ ಇಡೀ ದ್ವೀಪದಲ್ಲಿ ಒಬ್ಬರೇ ಇರುವುದು.

ಅದು ಆಟ. ಮಣ್ಣು, ಕಲ್ಲು, ಮರದ ಚೌಕಗಳನ್ನು ಒಂದರ ಮೇಲೊಂದಿಟ್ಟು ಜನ ಮನೆ, ಊರು ಕಟ್ಟಿಕೊಳ್ಳುವ ಆಟ. ಮಾಡ್ ಎಂದರೆ ಅದರ ಮೇಲೆ ಅಂಟಿಸುವ ಒಂದು ತುಣುಕು, ಅಷ್ಟೇ. ಒಬ್ಬ ಆಟಗಾರ ಇನ್ನೊಬ್ಬನ ಹೆಸರು ಬರೆದರೆ 'ನಿನ್ನ ಬಳಿ ಬರಲೇ?' ಎಂಬ ಕೋರಿಕೆ ಅವನಿಗೆ ಹೋಗುತ್ತದೆ. ಅವನು ಒಂದು ನಿಮಿಷದೊಳಗೆ 'ಬಾ' ಒತ್ತಿದರೆ ಇವನು ಅಲ್ಲಿರುತ್ತಾನೆ. ಒತ್ತದಿದ್ದರೆ ಕೋರಿಕೆ ತಾನೇ ಅಳಿದುಹೋಗುತ್ತದೆ. ನಡುವೆ ದಾರಿ ಇಲ್ಲ, ಹೊಳೆ ಇಲ್ಲ, ಏನೂ ಇಲ್ಲ. ಏನೂ ಇರಬಾರದೆಂದೇ ಅದನ್ನು ಬರೆದೆ.

ಆ ಪುಟದಲ್ಲಿ ಇನ್ನು ಮುಂದೆ ಬರೆಯಬೇಡಿ. ಈ ಪತ್ರಕ್ಕೆ ಉತ್ತರವೂ ಬೇಡ.

ವೆಂಗ್ ಪೇಯ್-ಯು


ದೋಂಗ್‌ಶಿ
ಆಗಸ್ಟ್ 17

ಪೇಯ್-ಯು ಮಗಳೇ,

ಉತ್ತರ ಬೇಡ ಎಂದಿದ್ದೀಯ. ಲಕೋಟೆಯ ಹಿಂದೆ ಮಾತ್ರ ಮನೆ ಸಂಖ್ಯೆ, ಮಹಡಿ ಎಲ್ಲ ದುಂಡಗೆ ಬರೆದಿದ್ದೀಯ. ನಾನು ಲಕೋಟೆಯ ಮಾತು ಕೇಳಿದೆ.

ಸಮುದಾಯ ಭವನದಲ್ಲಿ ಬುಧವಾರ, ಶುಕ್ರವಾರ ಬೆಳಿಗ್ಗೆ ಹಿರಿಯರಿಗೆ ಕಂಪ್ಯೂಟರ್ ಪಾಠ ನಡೆಯುತ್ತದೆ. ನಾವು ಏಳು ಜನ. ಹೋ ಟೀಚರ್ ಮೂರು ವಾರ ನಮಗೆ ಬೆರಳಚ್ಚು ಕಲಿಸಲು ನೋಡಿ, ಸೋತು, ಈ ಚೌಕದ ಆಟ ಹಾಕಿಕೊಟ್ಟಳು. ಅಂದಿನಿಂದ ಒಬ್ಬರೂ ಪಾಠ ತಪ್ಪಿಸಿಲ್ಲ. ನಾನು ಕಡಲ ಸಿಂಪಿ ಸುಲಿಯುವ ನಮ್ಮ ಚಪ್ಪರವನ್ನೇ ಕಟ್ಟಿದೆ. ಮೀನುಂಡೆ ಮಾರುವ ಕುವೊ ಅಜ್ಜಿ ಹೊಳೆಯ ಆಚೆ ಮನೆ ಕಟ್ಟಿಕೊಂಡಳು. ಆ ಹೊಳೆಗೆ ಮೂರು ವಾರ ಕೂತು ಹಲಗೆ ಹಲಗೆಯಾಗಿ ಸೇತುವೆ ಹಾಕಿದವನೂ ನಾನೇ.

ಒಂದು ದಿನ ಟೀಚರ್ ನಿನ್ನ ಮಾಡ್ ಹಾಕಿದಳು. ಪರದೆಯಲ್ಲಿ ಏನೋ ಕೇಳಿತು, ನಾನು ಏನೋ ಒತ್ತಿದೆ, ಕುವೊ ಅಜ್ಜಿ ನನ್ನ ಚಪ್ಪರದ ನಡುವೆ ನಿಂತಿದ್ದಳು. ನಾನು ಕಿರುಚಿಕೊಂಡೆ. "ಇವಳು ಎಲ್ಲಿಂದ ಬಂದ್ಲು?"

"ಬಾ ಅಂತ ನೀನೇ ಒತ್ತಿದ್ಯಲ್ಲೋ ಮುದಿಯಾ! ಬಂದ್ಮೇಲೆ ಟೀ ಇಡು!" ಎಂದಳು.

ಮತ್ತೆ ನಾನು ಅವಳ ಮನೆಗೆ ಹೋದೆ. ಪರದೆ ಒಂದು ಕ್ಷಣ ಕಪ್ಪಾಯಿತು, ಆಮೇಲೆ ಅಲ್ಲಿದ್ದೆ. ನಾನು ಟೀಚರನ್ನು ಕೇಳಿದೆ: "ಹೊಳೆ ದಾಟಿದ್ನೋ ಇಲ್ವೋ?"

"ದಾಟೋದೇನೂ ಇಲ್ಲ ಅಂಕಲ್. ಅಲ್ಲಿದ್ರಿ, ಈಗ ಇಲ್ಲಿದೀರಿ. ಅಷ್ಟೇ."

ಆ ಮಾತು ನನಗೆ ಹಿಡಿಸಲಿಲ್ಲ. ಆ ಕಪ್ಪಿನಲ್ಲಿ ಒಬ್ಬನೇ ನಿಂತಿದ್ದಾಗ ಹೆದರಿಕೆಯಾಯಿತು ಎಂದು ಹೇಳಲು ನಾಚಿಕೆ, ಆದರೆ ಆಯಿತು. ಬರೆದವರು ಯಾರು, ದೂರು ಹೇಳಬೇಕು ಎಂದೆ. ಟೀಚರ್ ಹೆಸರು ತೋರಿಸಿದಳು: 'ಹೂಮೀನ ಮರಿ'. ನಿನ್ನಮ್ಮ ನಿನ್ನನ್ನು ಹಾಗೆ ಕರೆಯುತ್ತಿದ್ದುದು ನಮ್ಮ ಮೂವರಿಗಲ್ಲದೆ ಬೇರೆ ಯಾರಿಗೆ ಗೊತ್ತು? ಮೂವರಲ್ಲಿ ಒಬ್ಬಳು ಇಲ್ಲ, ಒಬ್ಬ ನಾನು.

ದೂರು ಮಾತ್ರ ಬರೆದೆ. ಬೇರೆ ಏನು ಬರೆಯಬೇಕೋ ಗೊತ್ತಾಗಲಿಲ್ಲ.

ನಿನ್ನ ಅಪ್ಪ


ಕೀಲುಂಗ್
ಸೆಪ್ಟೆಂಬರ್ 2

ವೆಂಗ್ ಅವರಿಗೆ,

ನೀವು ಕೇಳಿದ ಕಪ್ಪಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದು ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ಆಟಗಾರ ತಲುಪುವ ಜಾಗದ ನೆಲ ಕೆಲವೊಮ್ಮೆ ಇನ್ನೂ ಸಿದ್ಧವಾಗಿರುವುದಿಲ್ಲ. ನೆಲ ಬರುವ ಮುಂಚೆ ಅವನನ್ನು ಇಳಿಸಿದರೆ ತಳವಿಲ್ಲದೆ ಬೀಳುತ್ತಲೇ ಹೋಗುತ್ತಾನೆ. ಮೊದಲ ತಿಂಗಳು ಹಾಗೆ ಎಷ್ಟೋ ಜನ ಬಿದ್ದರು, ನನಗೆ ಬೈಗುಳವೂ ಬಂತು. ಅದಕ್ಕೇ ನೆಲ ಬರುವ ತನಕ ಅವರನ್ನು ಹಿಡಿದು ನಿಲ್ಲಿಸುತ್ತೇನೆ. ಆ ಕಪ್ಪು ಅದೇ. ಅಪಾಯ ಇಲ್ಲ.

ಸೇತುವೆ ತಿಳಿಸುವುದು ಆಗದ ಕೆಲಸ. ಕೆಳಗೆ ನೀರು, ಮೇಲೆ ಹಲಗೆ, ನಡುವೆ ಗಾಳಿ ಇದ್ದರೆ ಸೇತುವೆ ಎಂದು ಯಂತ್ರಕ್ಕೆ ಹೇಳಿಕೊಟ್ಟರೆ ಅದು ಬಾತುಕೋಳಿ ಗೂಡನ್ನೂ ಸೇತುವೆ ಎನ್ನುತ್ತದೆ.

ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ನನ್ನ ಪರದೆಯ ಮೂಲೆಯಲ್ಲಿ 'ಸಿಂಪಿ ಮುದುಕ ನಿನ್ನ ಬಳಿ ಬರಲೇ ಎಂದು ಕೇಳುತ್ತಿದ್ದಾರೆ' ಎಂದು ಬರುತ್ತಿದೆ. ನಾನು ಒತ್ತುವುದಿಲ್ಲ. ಒಂದು ನಿಮಿಷ ನೋಡುತ್ತಾ ಕೂರುತ್ತೇನೆ, ಅಳಿದುಹೋಗುತ್ತದೆ. ಕಳಿಸಬೇಡಿ.

ಪೇಯ್-ಯು


ದೋಂಗ್‌ಶಿ
ಸೆಪ್ಟೆಂಬರ್ 20

ಮಗಳೇ,

ಚಕ್ಕೋತ ಕಳಿಸಿದ್ದೇನೆ. ಒಂದು ವಾರ ಇಟ್ಟು ಸಿಪ್ಪೆ ಸುಕ್ಕಿದ ಮೇಲೆ ತಿನ್ನು, ಆತುರ ಬೇಡ.

ಭಾನುವಾರ ಭವನದ ಬೀಗದ ಕೈಯನ್ನು ಟೀಚರ್ ನನಗೆ ಕೊಡುತ್ತಾಳೆ. ಹೋದ ಭಾನುವಾರ ನೀನು ಒತ್ತಿದೆ. ತಪ್ಪಿ ಒತ್ತಿದೆಯೋ ಬೇಕೆಂದು ಒತ್ತಿದೆಯೋ ಕೇಳುವುದಿಲ್ಲ. ಕಪ್ಪಾಯಿತು, ನನ್ನ ಮಗಳೇ ಹಿಡಿದುಕೊಂಡಿದ್ದಾಳೆ ಎಂದುಕೊಂಡೆ, ಈ ಸಲ ಹೆದರಿಕೆ ಆಗಲಿಲ್ಲ. ಬಂದು ನಿಂತರೆ ಎದುರಿಗೆ ಗೋಡೆ. ತಿರುಗುವುದು ಹೇಗೆಂದು ಗಾಬರಿಯಲ್ಲಿ ಮರೆತೆ. ನೀನು ಹಿಂದೆ ಇದ್ದೀಯ ಎಂದು ಗೊತ್ತಿತ್ತು, ಹೆಜ್ಜೆ ಸದ್ದು ಕೇಳುತ್ತಿತ್ತು. 'ಊಟ ಆಯ್ತಾ' ಎಂದು ಬರೆಯಲು ನನಗೆ ನಾಲ್ಕು ನಿಮಿಷ ಬೇಕಾಯಿತು. ಬರೆದು ಕಳಿಸುವಷ್ಟರಲ್ಲಿ ನೀನು ಹೋಗಿದ್ದೆ. ಕುವೊ ಅಜ್ಜಿ ಇದನ್ನು ಕೇಳಿ, "ಮಗಳ ಮನೆಗೆ ಹೋಗಿ ಗೋಡೆ ನೋಡ್ಕೊಂಡ್ ಬಂದ ನೋಡಿ, ಮಹಾಶಯ" ಎಂದು ಇಡೀ ತರಗತಿಗೆ ಸಾರಿದಳು.

ಈಗ ನಿಜವಾದ ವಿಷಯ. ಊರ ಹಳೆಯ ಸ್ಮಶಾನ ತೆರವಾಗುತ್ತಿದೆ. ಹೇಗೂ ಅಮ್ಮನನ್ನು ಮಣ್ಣು ಮಾಡಿ ಒಂಬತ್ತು ವರ್ಷವಾಯಿತು, ಮೂಳೆ ಆರಿಸಿ ಮಡಕೆಗೆ ತುಂಬುವ ಸಮಯವೇ. ಜೋಯಿಸರು ಡಿಸೆಂಬರ್ 14, ಭಾನುವಾರ ಎಂದು ದಿನ ಕೊಟ್ಟಿದ್ದಾರೆ. ಮಡಕೆಯನ್ನು ಪುತ್ಸ್ ಹೊಳೆಯ ಆಚೆಯ ಹೊಸ ಅಸ್ಥಿಮಂದಿರಕ್ಕೆ ಒಯ್ಯಬೇಕು. ಬಿಸಿಲು ತಾಗದಂತೆ ಕಪ್ಪು ಛತ್ರಿ ಹಿಡಿಯಲು ನಿನ್ನ ಸೋದರತ್ತೆ ಬರುತ್ತಾಳೆ. ಮಡಕೆಯ ಪಕ್ಕ ಕೂತು ಅಮ್ಮನನ್ನು ಕರೆಯುತ್ತಾ ಹೋಗುವವಳು ಮಗಳೇ ಆಗಬೇಕು. ದಾರಿಯಲ್ಲಿ ಇರುವುದು ಒಂದೇ ಸೇತುವೆ.

ನೀನು ಬರಬೇಕು ಎಂದು ನನ್ನ ಆಸೆ.

ನಿನ್ನ ಅಪ್ಪ


ಕೀಲುಂಗ್
ಅಕ್ಟೋಬರ್ 11

ಅಪ್ಪಾ,

ನಾನು ಬರುವುದಿಲ್ಲ. ಯಾಕೆಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ.

ಆಗ ನನಗೆ ಹದಿನೇಳು. ತೈಪೆ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಮೂರು ತಿಂಗಳು ಇದ್ದವಳು ನಾನು. ಅಮ್ಮನನ್ನು ಊರಿಗೆ ತರುವ ಗಾಡಿಯಲ್ಲಿ ನೀವು ಮುಂದೆ, ಚಾಲಕನ ಪಕ್ಕ. ನಾನು ಹಿಂದೆ, ಶವಪೆಟ್ಟಿಗೆಯ ಪಕ್ಕ, ಕೈಯಲ್ಲಿ ಉರಿಯುವ ಊದುಬತ್ತಿ. ಹೊರಡುವ ಮುಂಚೆ ಅತ್ತೆ ಫೋನಿನಲ್ಲಿ ಹೇಳಿಕೊಟ್ಟಿದ್ದರು: "ಪ್ರತಿ ಸೇತುವೆಗೂ ಕೂಗ್ಬೇಕು ಕಣೇ. 'ಅಮ್ಮಾ, ಸೇತುವೆ ದಾಟ್ತಿದ್ದೀವಿ, ಜೊತೆಗೆ ಬಾ' ಅಂತ. ಕೂಗದಿದ್ರೆ ಸತ್ತೋರಿಗೆ ನೀರು ದಾಟಕ್ಕಾಗಲ್ಲ, ಆ ದಡದಲ್ಲೇ ನಿಂತುಬಿಡ್ತಾರೆ." ತೌಚಿಯೆನ್ ಹೊಳೆಗೆ ಕೂಗಿದೆ. ದಾಆನ್, ದಾಜಿಯಾ, ದಾದು, ಎಲ್ಲಕ್ಕೂ ಕೂಗಿದೆ. ದಾದು ದಾಟಿದ ಮೇಲೆ ಕಣ್ಣು ಮುಚ್ಚಿಹೋಯಿತು. ಎಚ್ಚರವಾದಾಗ ಹೊರಗೆ ಯುನ್‌ಲಿನ್‌ನ ಹೊಲಗಳು ಕಾಣುತ್ತಿದ್ದವು. ಎಲ್ಲಕ್ಕಿಂತ ಅಗಲವಾದ ಝುವೋಶುಯಿ ಹೊಳೆ ಹಿಂದೆ ಹೋಗಿತ್ತು.

ಏಳನೆಯ ದಿನ, ಅಮ್ಮ ಮನೆ ತಲುಪಿದಳೇ ಎಂದು ಕೇಳಿ ಅರ್ಧಚಂದ್ರದ ಮರದ ತುಂಡುಗಳನ್ನು ಎಸೆದರು. ಮೂರು ಸಲ ಎಸೆದರು. ಮೂರು ಸಲವೂ ಎರಡೂ ಬೋರಲು ಬಿದ್ದವು. ಇಲ್ಲ, ಇಲ್ಲ, ಇಲ್ಲ. ನೀವು ಎದ್ದು ನಿಂತು ಎಲ್ಲ ನೆಂಟರೆದುರು ಹೇಳಿದಿರಿ: "ಅವ್ಳು ಝುವೋಶುಯಿ ಆ ದಡದಲ್ಲೇ ನಿಂತಿದ್ದಾಳೆ. ಯಾಕೆ ಅಂತ ನನ್ನ ಮಗಳನ್ನ ಕೇಳಿ."

ಯಾರೂ ಕೇಳಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಶಾಲೆ ಮುಗಿದ ವಾರವೇ ನಾನು ಕೀಲುಂಗ್‌ಗೆ ಬಂದೆ.

ಈಗ ಅದೇ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದೀರಿ. ಒಂದೇ ಸೇತುವೆ ಎನ್ನುತ್ತೀರಿ. ಅಂದು ತಪ್ಪಿದ್ದೂ ಒಂದೇ. ಝುವೋಶುಯಿ ದಡದಲ್ಲಿ ನಿಂತಿರುವವಳನ್ನು ಪುತ್ಸ್ ಹೊಳೆಯಲ್ಲಿ ಕರೆದರೆ ಅವಳಿಗೆ ಹೇಗೆ ಕೇಳಿಸುತ್ತದೆ? ಖಾಲಿ ಮಡಕೆಯ ಪಕ್ಕ ಕೂತು ನಾನು ಯಾರನ್ನು ಕರೆಯಲಿ?

ಇನ್ನೊಂದು. ಸೇತುವೆ ತಿಳಿಸುವ ಭಾಗವನ್ನು ಬರೆದಿದ್ದೇನೆ. ನಿಮಗಾಗಿ ಅಲ್ಲ, ಆಗುವುದಿಲ್ಲ ಎಂದು ಬರೆದ ಮೇಲೆ ಸುಮ್ಮನಿರಲು ಆಗಲಿಲ್ಲ. ಪರದೆ ಕಪ್ಪಾದಾಗ ಬಿಳಿ ಅಕ್ಷರದಲ್ಲಿ 'ಸೇತುವೆ ದಾಟುತ್ತಿದ್ದೇವೆ' ಎಂದು ಬರುತ್ತದೆ. ಬೇಕಾದವರು ಹಾಕಿಕೊಳ್ಳಬಹುದು. ಹಾಕಿಕೊಂಡವರು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ನಕ್ಕವರಲ್ಲೇ ಒಬ್ಬ, ಈಗ ಕಾಯುವುದಕ್ಕೆ ಬೇಜಾರಾಗುವುದಿಲ್ಲ ಎಂದು ಬರೆದಿದ್ದಾನೆ.

ಪೇಯ್-ಯು


ದೋಂಗ್‌ಶಿ
ಅಕ್ಟೋಬರ್ 24

ಮಗಳೇ,

ಪತ್ರ ತಲುಪಿತು. ಇಲ್ಲಿ ಗಾಳಿ ಜಾಸ್ತಿ. ಸಿಂಪಿ ಪರವಾಗಿಲ್ಲ, ಗಾತ್ರ ಚಿಕ್ಕದು. ಹೋ ಟೀಚರಿಗೆ ಜ್ವರ, ಎರಡು ಪಾಠ ರಜೆ. ನಿನ್ನ ಹೊಸ ಭಾಗ ಹಾಕಿಸಿಕೊಂಡಿದ್ದೇವೆ. ಚೆನ್ನಾಗಿದೆ.

ಅಪ್ಪ


ದೋಂಗ್‌ಶಿ
ನವೆಂಬರ್ 16

ಪೇಯ್-ಯು,

ಹೋದ ಪತ್ರ ಬರೆದವನು ಹೇಡಿ. ಇದನ್ನು ಆರು ಸಲ ಬರೆದು ಹರಿದಿದ್ದೇನೆ. ಏಳನೆಯದನ್ನು ಹರಿಯದೆ ಅಂಚೆಗೆ ಹಾಕುತ್ತೇನೆ.

ನಿನ್ನ ಮಾಡ್ ಸೇತುವೆ ಹೇಳುತ್ತದಲ್ಲ, ಅದು ಹೇಳಿದಾಗಲೆಲ್ಲ ನಮ್ಮ ತರಗತಿಯ ಮುದುಕ ಮುದುಕಿಯರು ಒಟ್ಟಿಗೆ ಗಟ್ಟಿಯಾಗಿ ಓದುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ. ಎಲ್ಲರೂ ಒಂದಲ್ಲ ಒಂದು ಸಲ ಹಾಗೆ ಯಾರನ್ನೋ ಕರೆದುಕೊಂಡು ಬಂದವರೇ. ಹೋದ ಬುಧವಾರ ನಾನು ಮಾತ್ರ ಓದಲಿಲ್ಲ. ಕುವೊ ಅಜ್ಜಿ ಕೇಳಿದಳು: "ಯಾಕೋ, ಬಾಯಿಗೆ ಬೀಗ ಬಿತ್ತಾ? ಹೆಂಡ್ತೀನ ಕರ್ಕೊಂಡ್ ಬರೋವಾಗ ನೀನು ಕೂಗಿರ್ಲಿಲ್ವಾ?"

"ಕೂಗಿದ್ದೆ" ಎಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಹೊರಗೆ ಬಂತು. ಅಳು ಬಂತು, ತರಗತಿಯಲ್ಲಿ ಎಲ್ಲರೆದುರು ಅತ್ತುಬಿಟ್ಟೆ.

ಮಗಳೇ, ಝುವೋಶುಯಿಗೆ ನಾನು ಕೂಗಿದ್ದೆ. ಕನ್ನಡಿಯಲ್ಲಿ ನೋಡಿದೆ, ನೀನು ಪೆಟ್ಟಿಗೆಗೆ ಒರಗಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದೆ. ಊದುಬತ್ತಿ ನಿನ್ನ ಬೆರಳು ಸುಡುವಷ್ಟು ಹತ್ತಿರ ಬಂದಿತ್ತು. ಚಾಲಕನಿಗೆ ಗಾಡಿ ನಿಲ್ಲಿಸಲು ಹೇಳಿ, ಹಿಂದೆ ಬಂದು, ಬೇರೆ ಊದುಬತ್ತಿ ಹಚ್ಚಿ ನಿನ್ನ ಕೈಗಿಟ್ಟೆ. ಎಬ್ಬಿಸಲು ಮನಸ್ಸಾಗಲಿಲ್ಲ. ಸೇತುವೆ ಶುರುವಾದಾಗ ನಾನೇ ಹೇಳಿದೆ: "ಲಿಯೆನ್-ಚಿಂಗ್, ಸೇತುವೆ ಬಂತು. ಜೊತೆಗೆ ಬಾ." ಮೆಲ್ಲಗೆ ಹೇಳಿದೆ. ಪಕ್ಕದಲ್ಲಿ ಚಾಲಕನಿದ್ದ, ನಾಚಿಕೆಯಾಯಿತು. ಅವಳ ಹೆಸರು ಹಿಡಿದು ಕರೆದು ಎಷ್ಟೋ ವರ್ಷವಾಗಿತ್ತು.

ಏಳನೆಯ ದಿನ ತುಂಡುಗಳು ಇಲ್ಲ ಎಂದವು. ನನ್ನ ಎದೆ ಒಡೆಯಿತು. ಕರೆದವನು ನಾನು ಎಂದು ಗೊತ್ತಾಗಿ ಅವಳು ಬರಲಿಲ್ಲ ಎಂದುಕೊಂಡೆ. ಮೂರು ತಿಂಗಳು ಅವಳು ತೈಪೆಯಲ್ಲಿ ಮಲಗಿದ್ದಾಗ ನಾನು ಬಂದದ್ದು ಎರಡೇ ಸಲ. ಸಿಂಪಿ ಕಾಲ, ಬಿಡುವಿಲ್ಲ ಎಂದು ನಿನಗೆ ಹೇಳುತ್ತಿದ್ದೆ. ಬಿಡುವಿತ್ತು. ಅವಳು ದಿನದಿನಕ್ಕೆ ಕರಗುವುದನ್ನು ನೋಡುವ ಧೈರ್ಯ ಇರಲಿಲ್ಲ. ನೀನು ಹದಿನೇಳು ವರ್ಷದವಳು ನೋಡಿದೆ, ನಾನು ಓಡಿಹೋದೆ. ಅಂಥವನು ಕರೆದರೆ ಅವಳು ಯಾಕೆ ಬರುತ್ತಾಳೆ? ಈ ಮಾತನ್ನು ನೆಂಟರೆದುರು ಹೇಳಿಕೊಳ್ಳಲಾರದೆ ನಿನ್ನ ತಲೆಗೆ ಕಟ್ಟಿದೆ. ಆಮೇಲೆ ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ನೀನು ಮಲಗಿದ್ದು ತಪ್ಪಲ್ಲ. ತಪ್ಪೆಲ್ಲ ನನ್ನದು. ಡಿಸೆಂಬರ್ 14ಕ್ಕೆ ನೀನು ಬರದಿದ್ದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಮಡಕೆಯ ಪಕ್ಕ ನಾನೇ ಕೂರುತ್ತೇನೆ, ಅವಳು ಬಂದರೆ ಬರಲಿ.

ಅಪ್ಪ


ಕೀಲುಂಗ್
ಡಿಸೆಂಬರ್ 3

ಅಪ್ಪಾ,

ನಿಮ್ಮ ಪತ್ರ ಓದಿ ಕೈಯಲ್ಲಿದ್ದ ಬಟ್ಟಲನ್ನು ಗೋಡೆಗೆ ಎಸೆದೆ. ಚೂರು ಗುಡಿಸಿ ಮತ್ತೆ ಓದಿದೆ. ಒಂದು ಮಾತು, ಒಂದೇ ಒಂದು ಮಾತು ಅಪ್ಪಾ. ಅಂದು ಸಂಜೆಯೇ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ನಾನು ಬಸ್ಸು ಹತ್ತುವಾಗ ಚೀಲ ಎತ್ತಿಕೊಟ್ಟಿರಲ್ಲ, ಆಗಲಾದರೂ ಹೇಳಬಹುದಿತ್ತು. ನಿಮ್ಮನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸಿದಾಗ ತಿಳಿಸುತ್ತೇನೆ, ನೀವು ಕೇಳಬೇಡಿ.

ಈಗ ನನ್ನದೊಂದು ಕೇಳಿ. ಇದು ಅತ್ತೆಗೂ ಗೊತ್ತಿಲ್ಲ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಎಲ್ಲರೂ ಸಮಾಧಿ ಗುಡಿಸುವ ಹಬ್ಬಕ್ಕೆ ಊರಿಗೆ ಹೋಗುವಾಗ, ನಾನೂ ಬಸ್ಸು ಹತ್ತುತ್ತೇನೆ. ಝುವೋಶುಯಿಯ ಉತ್ತರ ದಡದಲ್ಲಿ ಇಳಿಯುತ್ತೇನೆ. ಅಲ್ಲಿ ಶಿಲುವೊದ ಹಳೆಯ ಕೆಂಪು ಸೇತುವೆ ಇದೆಯಲ್ಲ, ನಡೆದು ದಾಟಬಹುದಾದದ್ದು, ಅದರ ಮೇಲೆ ನಡೆಯುತ್ತೇನೆ. ಸುಮಾರು ಎರಡು ಕಿಲೋಮೀಟರ್. "ಅಮ್ಮಾ, ಸೇತುವೆ ದಾಟ್ತಿದ್ದೀವಿ, ಜೊತೆಗೆ ಬಾ" ಎಂದು ಇಡೀ ದಾರಿ ಕೂಗುತ್ತಾ ಹೋಗುತ್ತೇನೆ. ಸೈಕಲ್ಲಿನವರು ತಿರುಗಿ ನೋಡುತ್ತಾರೆ. ದಕ್ಷಿಣದ ದಡ ಮುಟ್ಟಿದ ಮೇಲೆ, ಇಲ್ಲಿಂದ ಮನೆ ದಾರಿ ಅಮ್ಮನಿಗೆ ಗೊತ್ತು ಎಂದುಕೊಂಡು ಉತ್ತರದ ಬಸ್ಸು ಹತ್ತುತ್ತೇನೆ. ನಮ್ಮ ಮನೆ ಅಲ್ಲಿಂದ ಒಂದೂವರೆ ಗಂಟೆ. ಒಮ್ಮೆಯೂ ಬರಲಿಲ್ಲ. ವಾಪಸ್ಸು ಬಂದ ಮೇಲೆ, ಅಮ್ಮ ನಿಜವಾಗಿ ಹಿಂದೆ ಬಂದಳೋ ಇಲ್ಲವೋ ಎಂದು ಅನುಮಾನ ಶುರುವಾಗುತ್ತದೆ. ಮರುವರ್ಷ ಮತ್ತೆ ಹೋಗುತ್ತೇನೆ. ಹೀಗೆ ಎಂಟು ಸಲ.

ಅಂದರೆ ನೀವು ಒಂದು ಸಲ, ನಾನು ಎಂಟು ಸಲ. ಇಡೀ ದ್ವೀಪದಲ್ಲಿ ಒಂದೇ ಹೊಳೆಯನ್ನು ಒಂಬತ್ತು ಸಲ ದಾಟಿದವಳು ನಮ್ಮಮ್ಮ ಒಬ್ಬಳೇ ಇರಬೇಕು. ಮೊನ್ನೆ ಪಾತ್ರೆ ತೊಳೆಯುವಾಗ ಇದು ಹೊಳೆದು, ಅಳುತ್ತಿದ್ದವಳಿಗೆ ನಗು ಬಂತು. ಅಮ್ಮನ ಧ್ವನಿ ಕೇಳಿದ ಹಾಗೆಯೇ ಆಯಿತು: "ಎಷ್ಟು ಸಲ ದಾಟಿಸ್ತೀರೋ ನನ್ನ? ಕಾಲು ನೋಯ್ತಿದೆ. ಅಪ್ಪ ಮಗಳು ಒಂದು ಸಲ ಕೂತು ಮಾತಾಡಿದ್ರೆ ನಾನು ಯಾವತ್ತೋ ಮನೇಲಿರ್ತಿದ್ದೆ." ಅವಳು ಹೀಗೇ ಅಲ್ಲವೇ ಬೈಯುತ್ತಿದ್ದುದು?

ನೀವು ಕರೆದದ್ದಕ್ಕೆ ಅವಳು ಬರಲಿಲ್ಲ ಎಂದು ನನಗನ್ನಿಸುವುದಿಲ್ಲ. ಆಸ್ಪತ್ರೆಯಲ್ಲಿ ಬಾಗಿಲು ಸದ್ದಾದಾಗಲೆಲ್ಲ ಅವಳು ತಲೆ ತಿರುಗಿಸಿ ನೋಡುತ್ತಿದ್ದಳು. ಇದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿದ್ದೇನೋ ಸಮಾಧಾನಕ್ಕೆ ಬರೆಯುತ್ತಿದ್ದೇನೋ ನನಗೇ ತಿಳಿಯದು. ನಿಜ ಮಾತ್ರ ಇದೇ. ಅವಳು ನಿಮ್ಮ ದಾರಿ ಕಾಯುತ್ತಿದ್ದಳು. ನಿಮ್ಮ ಧ್ವನಿ ಕೇಳಿದ್ದರೆ ಎದ್ದು ಬಂದಿರುತ್ತಾಳೆ. ನೀವು ಅಷ್ಟು ಮೆಲ್ಲಗೆ ಹೇಳಿದ್ದೇ ಎಡವಟ್ಟು.

13ರ ಮಧ್ಯಾಹ್ನದ ರೈಲಿಗೆ ಚಿಯಾಯಿಗೆ ಬರುತ್ತೇನೆ, ಅಲ್ಲಿಂದ ಬಸ್ಸು. ಮರುದಿನ ಮಡಕೆಯನ್ನು ನಾನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ನೀವು ಮುಂದೆ ಕೂರಬೇಡಿ, ಹಿಂದೆ ನನ್ನ ಪಕ್ಕ ಕೂರಿ. ಪುತ್ಸ್ ಹೊಳೆ ಬಂದಾಗ ನಾನು ಕೂಗುತ್ತೇನೆ, ನೀವೂ ಕೂಗಬೇಕು. ಅಮ್ಮನ ಹೆಸರು ಹಿಡಿದು, ಚಾಲಕನಿಗೂ ಕೇಳುವ ಹಾಗೆ.

ಪೇಯ್-ಯು